ಕ್ಯಾಂಪರ್‌ವ್ಯಾನ್‌ನಲ್ಲಿ ಯುರೋಪ್ ಸುತ್ತುತ್ತಾ ಫುಟ್‌ಬಾಲ್ ಪಂದ್ಯ ನೋಡುವುದು ಹೇಗೆ: ಡಿಶ್, ಸಿಮ್, ಬ್ಯಾಟರಿ

ಕ್ಯಾಂಪರ್‌ವ್ಯಾನ್‌ನಲ್ಲಿ ದೇಶ ದಾಟಿ ಹೋದವರಿಗೆ ಪಂದ್ಯದ ಸಂಜೆ ಪರದೆಯ ಮೇಲೆ ಕಾಣುವ ಸಾಲು ಹೆಚ್ಚಾಗಿ ಒಂದೇ: ನೀವಿರುವ ಜಾಗದಲ್ಲಿ ಈ ವಿಡಿಯೊ ಲಭ್ಯವಿಲ್ಲ. ದುಡ್ಡು ಕಟ್ಟಿದ ಆ್ಯಪ್ ಇರುತ್ತದೆ, ಕ್ಯಾಂಪ್‌ಸೈಟ್‌ನ ವೈಫೈ ಇರುತ್ತದೆ, ಪಂದ್ಯ ಮಾತ್ರ ಇರುವುದಿಲ್ಲ. ಇಂಟರ್ನೆಟ್‌ನಲ್ಲಿ ಪಂದ್ಯ ತೋರಿಸುವವರಿಗೆ ನೀವು ಯಾವ ದೇಶದಲ್ಲಿದ್ದೀರಿ ಎಂಬುದು ಗೊತ್ತಾಗುತ್ತದೆ. ಉಪಗ್ರಹಕ್ಕೆ ಅದು ಗೊತ್ತಾಗುವುದಿಲ್ಲ, ತಿಳಿಯುವ ದಾರಿಯೂ ಅದಕ್ಕಿಲ್ಲ. ಆದ್ದರಿಂದ ಮೊದಲು ಡಿಶ್, ಎರಡನೆಯದು ರೋಮಿಂಗ್ ಸಿಮ್, ಮೂರನೆಯದು ಆಯಾ ದೇಶದ ಆಂಟೆನಾ ಟಿವಿ. ಕ್ಯಾಂಪ್‌ಸೈಟ್ ವೈಫೈಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇಲ್ಲಿ ಹೇಳಿರುವುದು ಜರ್ಮನಿಯಿಂದ ಹೊರಟು ಇಟಲಿ, ಕ್ರೊಯೇಷಿಯಾ, ಸ್ಪೇನ್, ಪೋರ್ಚುಗಲ್ ಕಡೆ ಹೋಗುವವರಿಗೆ. ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರು ರಜೆಯಲ್ಲಿ ಹಿಡಿಯುವ ದಾರಿಯೂ ಹೆಚ್ಚುಕಡಿಮೆ ಇದೇ.

ಯಾವ ಉಪಗ್ರಹ, ಯಾವ ವಾಹಿನಿ

ನೆನಪಿಡಬೇಕಾದ ಉಪಗ್ರಹದ ಹೆಸರು ಅಸ್ಟ್ರಾ, ಅದಿರುವ ಸ್ಥಾನ 19.2 ಡಿಗ್ರಿ ಪೂರ್ವ. ಜರ್ಮನಿಯ ಸಾರ್ವಜನಿಕ ವಾಹಿನಿಗಳಾದ ಎಆರ್‌ಡಿಯ ‘ಡಾಸ್ ಎರ್ಸ್ಟೆ’ ಮತ್ತು ಝಡ್‌ಡಿಎಫ್ ಎರಡೂ ಎಚ್‌ಡಿಯಲ್ಲಿ ಇಲ್ಲಿಂದ ಬರುತ್ತವೆ. ಕಾರ್ಡ್ ಬೇಡ, ಚಂದಾ ಬೇಡ, ನಮ್ಮ ಡಿಡಿ ಫ್ರೀ ಡಿಶ್ ಇದ್ದಹಾಗೆ. ವಿಶ್ವಕಪ್ ಮತ್ತು ಯುರೋ ಟೂರ್ನಿಗಳ ಉದ್ಘಾಟನಾ ಪಂದ್ಯ, ಸೆಮಿಫೈನಲ್‌ಗಳು, ಫೈನಲ್ ಹಾಗೂ ಜರ್ಮನಿ ಆಡುವ ಎಲ್ಲ ಪಂದ್ಯಗಳು ಉಚಿತ ಟಿವಿಯಲ್ಲಿ ಬರಲೇಬೇಕೆಂದು ಅಲ್ಲಿ ಕಾನೂನೇ ಇದೆ. ಉಳಿದ ಪಂದ್ಯಗಳಲ್ಲಿ ಯಾವುದು ಉಚಿತ, ಯಾವುದು ಚಂದಾ ಎಂಬುದು ಟೂರ್ನಿಯಿಂದ ಟೂರ್ನಿಗೆ ಬದಲಾಗುತ್ತದೆ. ಹೊರಡುವ ಮುನ್ನ ವೇಳಾಪಟ್ಟಿಯಲ್ಲಿ ವಾಹಿನಿಯ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಆರ್‌ಟಿಎಲ್‌ನಂಥ ಖಾಸಗಿ ವಾಹಿನಿಗಳ ಎಚ್‌ಡಿ ನೋಡಲು ಎಚ್‌ಡಿ ಪ್ಲಸ್ ಕಾರ್ಡ್ ಬೇಕು. ಆಸ್ಟ್ರಿಯಾದ ಓಆರ್‌ಎಫ್ ಮತ್ತು ಸ್ವಿಟ್ಜರ್‌ಲ್ಯಾಂಡ್‌ನ ಎಸ್‌ಆರ್‌ಎಫ್ ಉಪಗ್ರಹದಲ್ಲಿದ್ದರೂ ಲಾಕ್ ಆಗಿರುತ್ತವೆ. ಕಾರ್ಡ್ ಸಿಗುವುದು ಆ ದೇಶದ ನಿವಾಸಿಗಳಿಗೆ. ಇಂಗ್ಲಿಷ್ ಕಾಮೆಂಟರಿಯೇ ಬೇಕೆನ್ನುವವರು ಬಿಬಿಸಿ, ಐಟಿವಿಗಳಿಗಾಗಿ 28.2 ಡಿಗ್ರಿ ಪೂರ್ವಕ್ಕೆ ಡಿಶ್ ತಿರುಗಿಸಬಹುದು. ಆದರೆ ಆ ಕಿರಣವನ್ನು ಬ್ರಿಟನ್ನಿನ ಮೇಲಷ್ಟೇ ಬೀಳುವಂತೆ ಬಿಗಿಮಾಡಿದ್ದಾರೆ. ಉತ್ತರ ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ವರೆಗೆ ಸಾಧಾರಣ ಡಿಶ್‌ಗೆ ಸಿಗುತ್ತದೆ, ದಕ್ಷಿಣ ಸ್ಪೇನ್‌ನಲ್ಲಿ ಆಸೆ ಬಿಡಿ.

ಬಾಡಿಗೆ ವ್ಯಾನ್‌ನಲ್ಲಿ ಹಳೇ ಟಿವಿ ಇದ್ದರೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಎಆರ್‌ಡಿ 2025ರ ಜನವರಿಯಲ್ಲಿ ಉಪಗ್ರಹದ ಎಸ್‌ಡಿ (ಹಳೆಯ, ಕಡಿಮೆ ಸ್ಪಷ್ಟತೆಯ) ಪ್ರಸಾರ ನಿಲ್ಲಿಸಿತು, ಅದೇ ವರ್ಷ ನವೆಂಬರ್‌ನಲ್ಲಿ ಝಡ್‌ಡಿಎಫ್ ಕೂಡ. ಟಿವಿಯ ಹಿಂದೆ ‘ಡಿವಿಬಿ-ಎಸ್’ ಎಂದಷ್ಟೇ ಬರೆದಿದ್ದರೆ ಈ ಎರಡೂ ಬರುವುದಿಲ್ಲ. ‘ಡಿವಿಬಿ-ಎಸ್2’ ಇರಬೇಕು. ಕೀ ತೆಗೆದುಕೊಳ್ಳುವ ಹೊತ್ತಿನಲ್ಲೇ ಇದನ್ನು ನೋಡಿ, ಮಾಲೀಕರ ಎದುರಿಗೇ ಝಡ್‌ಡಿಎಫ್ ಹಾಕಿಸಿ.

ಏನೇನು ಬೇಕು

ಚಾವಣಿಯ ಮೇಲೆ ತಾನೇ ಹುಡುಕಿಕೊಳ್ಳುವ ಡಿಶ್ ಇರುವ ವ್ಯಾನ್ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಗುಂಡಿ ಒತ್ತಿ ಒಂದೆರಡು ನಿಮಿಷ ಕಾದರೆ ಸಾಕು. ಆದರೆ ಚಾವಣಿ ಡಿಶ್‌ಗೆ ಒಂದು ದೊಡ್ಡ ಕೊರತೆಯಿದೆ: ಬೇಸಿಗೆಯಲ್ಲಿ ವ್ಯಾನ್ ನಿಲ್ಲಿಸಲು ಹುಡುಕುವುದು ಮರದ ನೆರಳು, ಡಿಶ್‌ಗೆ ಬೇಕಾಗಿರುವುದು ಬಯಲು. ಈ ಕಾರಣಕ್ಕೇ ಮುಕ್ಕಾಲಿ ಸ್ಟ್ಯಾಂಡ್ ಮೇಲಿನ ಬಿಡಿ ಡಿಶ್ ಹಲವರಿಗೆ ಇಷ್ಟ. ವ್ಯಾನ್ ನೆರಳಲ್ಲಿ, ಡಿಶ್ ಹತ್ತು ಮೀಟರ್ ಆಚೆ ಬಿಸಿಲಲ್ಲಿ.

ಬಿಡಿ ಡಿಶ್‌ಗೆ ಬೇಕಾದ ಸಾಮಾನು ಇಷ್ಟು: ಮಧ್ಯ ಯುರೋಪಿಗೆ 50ರಿಂದ 60 ಸೆಂ.ಮೀ. ಡಿಶ್ (ದಕ್ಷಿಣ ಸ್ಪೇನ್, ಪೋರ್ಚುಗಲ್‌ಗೆ 80), ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಮೂತಿ), ಮುಕ್ಕಾಲಿ, 10 ಮೀಟರ್ ಕೋಆ್ಯಕ್ಸಿಯಲ್ ಕೇಬಲ್, ಕಿಟಕಿಯ ರಬ್ಬರ್ ಸಂದಿಯಲ್ಲಿ ತೂರಿಸುವ ಚಪ್ಪಟೆ ಕೇಬಲ್ ತುಂಡು, ದಿಕ್ಸೂಚಿ, ಎರಡು ಹೆಚ್ಚುವರಿ ಎಫ್ ಕನೆಕ್ಟರ್ (ಕೇಬಲ್ ತುದಿಗೆ ಹಾಕುವ ತಿರುಪು), ಒಂದು ಸ್ಪ್ಯಾನರ್. ಚಪ್ಪಟೆ ತುಂಡು ಅನುಕೂಲಕ್ಕೆ ಮಾತ್ರ. ಅದು ಸಿಗ್ನಲ್ ತಿನ್ನುತ್ತದೆ, ಬಾಗಿಲಿಗೆ ಸಿಕ್ಕಿ ನಜ್ಜಾದರೆ ಪೂರ್ತಿ ಕೈಕೊಡುತ್ತದೆ. ಹಾಗಾಗಿ ಬಾಗಿಲಿಗಿಂತ ಕಿಟಕಿಯಲ್ಲಿ ತೂರಿಸುವುದು ಮೇಲು.

ಡಿಶ್ ತಿರುಗಿಸುವ ಕ್ರಮ

ಬೆಂಗಳೂರಿನ ತಾರಸಿಯಲ್ಲಿ ಫ್ರೀ ಡಿಶ್‌ನ ಉಪಗ್ರಹ ಸುಮಾರು 66 ಡಿಗ್ರಿ ಎತ್ತರದಲ್ಲಿದೆ, ಹತ್ತಿರದ ಮರ, ಕಟ್ಟಡ ಅಷ್ಟಾಗಿ ಅಡ್ಡ ಬರುವುದಿಲ್ಲ. ಯುರೋಪಿನಲ್ಲಿ ಅಸ್ಟ್ರಾ ಅದರ ಅರ್ಧದಷ್ಟು ಎತ್ತರದಲ್ಲಿ ಮಾತ್ರ. ಒಂದೇ ಒಂದು ಕೊಂಬೆ ಸಾಕು ಪಂದ್ಯ ಕೆಡಿಸಲು. ದಿಕ್ಕು (ದಕ್ಷಿಣ ಎಂದರೆ 180) ಮತ್ತು ಎತ್ತರ (ನೆಲದಿಂದ ಮೇಲಿನ ಕೋನ), ಎರಡೂ ಡಿಗ್ರಿಯಲ್ಲಿ, ಊರಿಂದ ಊರಿಗೆ ಹೀಗೆ ಬದಲಾಗುತ್ತವೆ:

- ಮ್ಯೂನಿಕ್: ದಿಕ್ಕು 170, ಎತ್ತರ 34
- ಸ್ಪ್ಲಿಟ್ (ಕ್ರೊಯೇಷಿಯಾ): 176, 40
- ಬಾರ್ಸಿಲೋನಾ: 155, 39
- ಲಿಸ್ಬನ್: 139, 36
- ಅಥೆನ್ಸ್: 187, 46
- ಓಸ್ಲೊ: 170, 22

1. ಜಾಗ ಆರಿಸಿ. ದಿಕ್ಸೂಚಿ ಹಿಡಿದು ಆ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ವ್ಯಾನ್‌ನಿಂದ ಮೂರ್ನಾಲ್ಕು ಮೀಟರ್ ದೂರ ಇರಿ, ಕಬ್ಬಿಣದ ಪಕ್ಕ ಮುಳ್ಳು ಸುಳ್ಳು ಹೇಳುತ್ತದೆ. ಎದುರಿನ ಮರ ಡಿಶ್‌ಗಿಂತ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ದೂರದಲ್ಲಿರಬೇಕು. ಡಿಶ್‌ಗಿಂತ 8 ಮೀಟರ್ ಎತ್ತರದ ಮರವಾದರೆ 12 ಮೀಟರ್ ದೂರ. ನಾರ್ವೆಯಲ್ಲಾದರೆ ಎರಡೂವರೆ ಪಟ್ಟು. ಆಲ್ಪ್ಸ್‌ನ ಇಕ್ಕಟ್ಟು ಕಣಿವೆಯಲ್ಲಿ ದಕ್ಷಿಣಕ್ಕೆ ಗುಡ್ಡ ಎದ್ದಿದ್ದರೆ ಹೆಣಗಾಡುವುದು ವ್ಯರ್ಥ, ಬೇರೆ ಕ್ಯಾಂಪ್‌ಸೈಟ್ ನೋಡಿ.

2. ಮುಕ್ಕಾಲಿಯ ಕಂಬ ನೆಟ್ಟಗಿದೆಯೇ ನೋಡಿ. ಕಂಬ ಮೂರು ಡಿಗ್ರಿ ವಾಲಿದರೆ ಬ್ರಾಕೆಟ್ ಮೇಲಿನ ಅಳತೆಯೂ ಮೂರು ಡಿಗ್ರಿ ತಪ್ಪು. ಐದು ಲೀಟರ್ ನೀರಿನ ಕ್ಯಾನ್ ಒಂದನ್ನು ನಡುವೆ ತೂಗುಬಿಡಿ. ಸಮುದ್ರತೀರದಲ್ಲಿ ಗಾಳಿ ಏಳಬಹುದು.

3. ಬ್ರಾಕೆಟ್‌ನಲ್ಲಿ ಎತ್ತರ ಕೂರಿಸಿ ಅರೆಬಿಗಿ ಮಾಡಿ. ಡಿಶ್ ಬಹುತೇಕ ನೆಟ್ಟಗೆ ನಿಂತಂತೆ ಕಾಣುತ್ತದೆ. ಗಾಬರಿಯಾಗಿ ಮೇಲಕ್ಕೆ ಎತ್ತಬೇಡಿ. ಇವು ಆಫ್‌ಸೆಟ್ ಡಿಶ್‌ಗಳು, ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲೆ ನೋಡುತ್ತಿರುತ್ತವೆ.

4. ಕೇಬಲ್ ಸೇರಿಸಿದ ಮೇಲೆಯೇ ಟಿವಿ ಹಾಕಿ. ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುತ್ತದೆ. ಕನೆಕ್ಟರ್ ಒಳಗೆ ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್.

5. ಟಿವಿಯಲ್ಲಿ ಕೈಯಾರೆ ಹುಡುಕುವ ಮೆನುಗೆ ಹೋಗಿ ಝಡ್‌ಡಿಎಫ್‌ನ ಟ್ರಾನ್ಸ್‌ಪಾಂಡರ್ (ಆ ವಾಹಿನಿಯನ್ನು ಹೊತ್ತು ತರುವ ಉಪಗ್ರಹ ತರಂಗ) ಹಾಕಿ: 11362 ಮೆಗಾಹರ್ಟ್ಸ್, ಹಾರಿಜಾಂಟಲ್, ಸಿಂಬಲ್ ರೇಟ್ 22000. ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ. ‘ಸ್ಟ್ರೆಂತ್’ ಪಟ್ಟಿ ಡಿಶ್ ಎತ್ತ ನೋಡುತ್ತಿದ್ದರೂ ಮೇಲೇರಬಹುದು, ಅದನ್ನು ನಂಬಬೇಡಿ. ನೋಡಬೇಕಾದದ್ದು ‘ಕ್ವಾಲಿಟಿ’ ಮಾತ್ರ.

6. ಡಿಶ್‌ನ ಹಿಂದೆ ನಿಂತು, ಬೇಕಾದ ದಿಕ್ಕಿಗಿಂತ ಹದಿನೈದು ಡಿಗ್ರಿ ಬಲದಿಂದ ಶುರುಮಾಡಿ ಎಡಕ್ಕೆ ಬೆರಳಗಲದಷ್ಟೇ ತಿರುಗಿಸಿ. ತಿರುಗಿಸಿದ ಮೇಲೆ ಎರಡು ಮೂರು ಸೆಕೆಂಡ್ ನಿಲ್ಲಿ. ಡಿಜಿಟಲ್ ಸಿಗ್ನಲ್ ಹಿಡಿಯಲು ರಿಸೀವರ್‌ಗೆ ಅಷ್ಟು ಹೊತ್ತು ಬೇಕು. ಒಂದೇ ಸಮ ತಿರುಗಿಸುತ್ತಾ ಹೋದರೆ ಅಸ್ಟ್ರಾ ದಾಟಿ ಹೋಗಿದ್ದೇ ಗೊತ್ತಾಗುವುದಿಲ್ಲ. 60 ಸೆಂ.ಮೀ. ಡಿಶ್‌ನ ನೋಟದ ಅಗಲ ಸುಮಾರು ಮೂರು ಡಿಗ್ರಿ ಅಷ್ಟೇ. ಪೂರ್ತಿ ತಿರುಗಿಸಿದರೂ ಏನೂ ಸಿಗದಿದ್ದರೆ ಎತ್ತರವನ್ನು ಎರಡು ಡಿಗ್ರಿ ಬದಲಿಸಿ ಮತ್ತೆ ಹೊರಡಿ.

7. ಚಿತ್ರ ಬಂದ ಮೇಲೂ ನಿಲ್ಲಿಸಬೇಡಿ. ಕ್ವಾಲಿಟಿ ಏರಿ ಇಳಿಯುವ ಎರಡೂ ಕಡೆ ನೋಡಿಕೊಂಡು ನಡುವೆ ನಿಲ್ಲಿಸಿ, ಎತ್ತರಕ್ಕೂ ಹಾಗೇ ಮಾಡಿ. ಬೋಲ್ಟ್ ಬಿಗಿಯುವಾಗ ಡಿಶ್ ಒಂದು ಡಿಗ್ರಿ ಜರುಗುವುದು ಮಾಮೂಲು, ಆದ್ದರಿಂದ ಪಟ್ಟಿಯ ಮೇಲೆ ಕಣ್ಣಿಟ್ಟೇ ಬಿಗಿಯಿರಿ. ಅಂಚಿನಲ್ಲಿ ಸಿಕ್ಕ ಚಿತ್ರ ಒಣ ಹವೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಎಪ್ಪತ್ತನೇ ನಿಮಿಷಕ್ಕೆ ಮಳೆ ಬಂದಾಗ ಚೌಕಚೌಕವಾಗಿ ಒಡೆಯುತ್ತದೆ.

8. ಕೊನೆಗೆ ಎಆರ್‌ಡಿಯನ್ನೂ ನೋಡಿಬಿಡಿ: 11494, ಹಾರಿಜಾಂಟಲ್, 22000. ಎರಡೂ ಬಂದರೆ ಕೆಲಸ ಮುಗಿಯಿತು.

ಪಶ್ಚಿಮಕ್ಕೆ ಹೋದಂತೆ ಇನ್ನೊಂದು ತಿರುವು ಸೇರಿಕೊಳ್ಳುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ತಿರುಗಿಸಬೇಕು. ಜರ್ಮನಿ, ಆಸ್ಟ್ರಿಯಾ, ಕ್ರೊಯೇಷಿಯಾಗಳಲ್ಲಿ ಇದನ್ನು ಮುಟ್ಟುವ ಅಗತ್ಯವಿಲ್ಲ. ಲಿಸ್ಬನ್‌ಗೆ ಬರುವ ಹೊತ್ತಿಗೆ ಮಾತ್ರ ಡಿಶ್‌ನ ಹಿಂದೆ ನಿಂತು ನೋಡಿದಂತೆ ಅಪ್ರದಕ್ಷಿಣವಾಗಿ ಸುಮಾರು 20 ಡಿಗ್ರಿ ತಿರುಗಿಸಬೇಕಾಗುತ್ತದೆ. ತಿರುಗಿಸದಿದ್ದರೆ ದಿಕ್ಕು, ಎತ್ತರ ಎಲ್ಲ ಸರಿಯಿದ್ದೂ ಕ್ವಾಲಿಟಿ ಅರ್ಧಕ್ಕೇ ನಿಂತುಬಿಡುತ್ತದೆ. ಐದೈದು ಡಿಗ್ರಿ ತಿರುಗಿಸಿ ಪಟ್ಟಿ ನೋಡುತ್ತಾ ಹೋಗಿ.

ಬೇರೆ ಉಪಗ್ರಹ ಸಿಕ್ಕಿಬಿಟ್ಟರೆ

ಕ್ವಾಲಿಟಿ ಬಂತು, ಸ್ಕ್ಯಾನ್ ಮಾಡಿದರೆ ಇಟಲಿಯ ರಾಯ್, ಪೋಲೆಂಡ್, ಅರಬ್ ವಾಹಿನಿಗಳೇ ಕಾಣುತ್ತಿವೆ ಎಂದರೆ ನೀವು 13 ಡಿಗ್ರಿಯ ಹಾಟ್‌ಬರ್ಡ್ ಮೇಲಿದ್ದೀರಿ. ಹಿಂದೆ ನಿಂತು ಡಿಶ್ಶನ್ನು ಎಂಟೊಂಬತ್ತು ಡಿಗ್ರಿ ಎಡಕ್ಕೆ ತಿರುಗಿಸಿ. ಬ್ರಿಟನ್ ವಾಹಿನಿಗಳು ಬಂದರೆ 28.2ಕ್ಕೆ ಹೋಗಿದ್ದೀರಿ, ಬಲಕ್ಕೆ ಬನ್ನಿ. ಝೆಕ್, ಸ್ಲೊವಾಕ್ ಬಂದರೆ ಅದು 23.5, ಬಲಕ್ಕೆ ಐದಾರು ಡಿಗ್ರಿ. ಎಡಬಲ ನೆನಪಿಡಲು ಇಷ್ಟು ಸಾಕು: ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಸಂಖ್ಯೆ ಹೆಚ್ಚಾದಂತೆ ಎಡಕ್ಕೆ.

ಕೆಲವು ವಾಹಿನಿ ಬಂದು ಕೆಲವು ಬರದಿದ್ದರೆ ಡಿಶ್ ತಿರುಗಿಸಬೇಡಿ, ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಹಾರಿಜಾಂಟಲ್ ವಾಹಿನಿಗಳಿಗೆ ಎಲ್‌ಎನ್‌ಬಿಗೆ 18 ವೋಲ್ಟ್ ಬೇಕು. ಕೇಬಲ್ ತುಕ್ಕು ಹಿಡಿದು ವೋಲ್ಟೇಜ್ ಬಿದ್ದರೆ ಅವೇ ಮಾಯವಾಗುತ್ತವೆ, ಎಆರ್‌ಡಿಯೂ ಝಡ್‌ಡಿಎಫ್ಫೂ ಅದೇ ಗುಂಪಿಗೆ ಸೇರಿದವು.

ಸಿಮ್ ಮತ್ತು ಆ್ಯಪ್

ಸಾಮಾನ್ಯವಾಗಿ ರೋಮಿಂಗ್‌ನಲ್ಲಿರುವ ಸಿಮ್‌ನ ಡೇಟಾ ಮೊದಲು ತವರು ಕಂಪನಿಯ ಜಾಲಕ್ಕೆ ಹೋಗಿ ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುತ್ತದೆ. ಅಂದರೆ ಜರ್ಮನ್ ಸಿಮ್ ಹಾಕಿಕೊಂಡು ಸ್ಪೇನ್‌ನಲ್ಲಿ ಕೂತರೂ ವೆಬ್‌ಸೈಟ್‌ಗೆ ಕಾಣುವುದು ಜರ್ಮನಿಯ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಫೋನ್‌ನ ಗುರುತು). ಅದೇ ಫೋನನ್ನು ಕ್ಯಾಂಪ್‌ಸೈಟ್ ವೈಫೈಗೆ ಸೇರಿಸಿದ ತಕ್ಷಣ ಸ್ಪೇನ್‌ನ ವಿಳಾಸ, ಪಂದ್ಯ ಬಂದ್. ಮೊದಲ ಅರ್ಧ ಚೆನ್ನಾಗಿ ನೋಡಿ, ಡೇಟಾ ಉಳಿಸೋಣವೆಂದು ವೈಫೈ ಹಾಕಿದಾಗ ಪರದೆ ಕಪ್ಪಾಗುವುದು ಇದಕ್ಕೇ. ವಿಮಾನ ನಿಲ್ದಾಣದಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳುವ ಟ್ರಾವೆಲ್ ಇಸಿಮ್‌ಗಳಲ್ಲಿ ಐಪಿ ಮೂರನೇ ದೇಶದ್ದಾಗಿರಬಹುದು. ಹಾಕಿದ ಕೂಡಲೇ ಯಾವ ದೇಶವೆಂದು ಪರೀಕ್ಷಿಸಿ. ಕೆಲವು ಆ್ಯಪ್‌ಗಳು ಐಪಿ ಜೊತೆಗೆ ಜಿಪಿಎಸ್ ಕೂಡ ನೋಡುತ್ತವೆ, ಅಲ್ಲಿ ಈ ಅನುಕೂಲ ಸಿಗದು.

ಚಂದಾ ಕಟ್ಟಿದವರಿಗೆ ಕಾನೂನಿನ ಬೆಂಬಲವೂ ಇದೆ. 2018ರ ಏಪ್ರಿಲ್ 1ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದಲ್ಲಿ ವಾಸವಿದ್ದು ಚಂದಾ ಕಟ್ಟಿದವರು ಒಕ್ಕೂಟದ ಇನ್ನೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗ ಅದೇ ಕಾರ್ಯಕ್ರಮಗಳನ್ನು ಹೆಚ್ಚುವರಿ ಶುಲ್ಕವಿಲ್ಲದೆ ನೋಡಲು ಬಿಡಲೇಬೇಕು. ಉಚಿತ ಸೇವೆಗಳಿಗೆ ಈ ಕಡ್ಡಾಯ ಇಲ್ಲ. ಬ್ರಿಟನ್, ಸ್ವಿಟ್ಜರ್‌ಲ್ಯಾಂಡ್ ಈ ವ್ಯವಸ್ಥೆಯ ಹೊರಗಿವೆ. ಭಾರತದಿಂದ ಪ್ರವಾಸಕ್ಕೆ ಬಂದವರ ಭಾರತೀಯ ಚಂದಾಕ್ಕೂ ಇದು ಅನ್ವಯಿಸುವುದಿಲ್ಲ. ಭಾರತೀಯ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಆ್ಯಪ್ ತೆರೆದುಕೊಳ್ಳಬಹುದು, ಆದರೆ ರೋಮಿಂಗ್ ಪ್ಯಾಕ್‌ನ ಡೇಟಾ ಒಂದು ಪಂದ್ಯಕ್ಕೇ ಮುಗಿದುಹೋದೀತು. ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಬಗ್ಗೆ ಕೇಳುವವರು ಬಹಳ. ಹೆಚ್ಚಿನ ಸೇವೆಗಳ ನಿಯಮಕ್ಕೆ ಅದು ವಿರುದ್ಧ, ದೊಡ್ಡ ಪಂದ್ಯದ ದಿನವೇ ಬ್ಲಾಕ್ ಆಗುವುದೂ ಉಂಟು. ಅದನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ.

ಡೇಟಾ ಲೆಕ್ಕ ಹೀಗೆ: ಒಳ್ಳೆಯ ಎಚ್‌ಡಿಗೆ ಸೆಕೆಂಡಿಗೆ 6 ಮೆಗಾಬಿಟ್ ಎಂದುಕೊಂಡರೆ ಎರಡು ಗಂಟೆಗೆ ಸುಮಾರು 5.4 ಜಿಬಿ. ಹೆಚ್ಚುವರಿ ಸಮಯ, ಪೆನಾಲ್ಟಿ ಸೇರಿದರೆ 8ರ ಹತ್ತಿರ. ಒಕ್ಕೂಟದೊಳಗೆ ರೋಮಿಂಗ್‌ಗೆ ಬೇರೆ ಶುಲ್ಕ ಇಲ್ಲವಾದರೂ, ‘ಅನ್‌ಲಿಮಿಟೆಡ್’ ಪ್ಲಾನ್‌ಗಳಿಗೆ ಹೊರದೇಶದಲ್ಲಿ ಮಿತಿ ಇರುತ್ತದೆ. ಗಡಿ ದಾಟಿದಾಗ ಬರುವ ಎಸ್ಸೆಮ್ಮೆಸ್ ಓದಿ. ಕೊಮೊ ಅಥವಾ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ನಿಂತಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ತೆಗೆದು ಕೈಯಾರೆ ಹಾಕಿ. ಫೋನ್ ತಾನಾಗಿ ಸ್ವಿಸ್ ಟವರ್ ಹಿಡಿದರೆ ಬಿಲ್ ನೋಡಿ ಎದೆ ಹಿಡಿದುಕೊಳ್ಳಬೇಕಾಗುತ್ತದೆ. ಹಡಗಿನೊಳಗಿನ ನೆಟ್‌ವರ್ಕ್ ಕೂಡ ಒಕ್ಕೂಟದ ದರಕ್ಕೆ ಒಳಪಡುವುದಿಲ್ಲ, ಫೆರಿಯಲ್ಲಿ ಡೇಟಾ ಆಫ್ ಮಾಡಿ.

ವ್ಯಾನ್‌ನ ತಗಡು ಸಿಗ್ನಲ್ ತಡೆಯುತ್ತದೆ. ಹಾಟ್‌ಸ್ಪಾಟ್ ಫೋನನ್ನು ಟಿವಿ ಪಕ್ಕ ಇಡದೆ ಕಿಟಕಿಗೆ ಒರಗಿಸಿ. ಟಿವಿಗೆ ಸಿಕ್ಕಿಸುವ ಎಚ್‌ಡಿಎಂಐ ಸ್ಟಿಕ್ಕನ್ನು ಟಿವಿಯದೇ ಯುಎಸ್‌ಬಿಯಿಂದ ಓಡಿಸಬೇಡಿ, ಕೆಲವು ಟಿವಿಗಳು ಅರ್ಧ ಆಂಪಿಯರ್ ಮಾತ್ರ ಕೊಡುತ್ತವೆ. ಸ್ಟಿಕ್ ಪಂದ್ಯದ ನಡುವೆ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಸ್ಥಳೀಯ ಆಂಟೆನಾ

ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಆಯಾ ದೇಶದ ತಂಡ ಆಡುವ ದೊಡ್ಡ ಪಂದ್ಯಗಳು ಸಾಮಾನ್ಯವಾಗಿ ಸಾಧಾರಣ ಆಂಟೆನಾದಲ್ಲೇ ಸಿಗುತ್ತವೆ. ಟಿವಿ ‘ಡಿವಿಬಿ-ಟಿ2’ (ಆಂಟೆನಾ ಪ್ರಸಾರದ ಹೊಸ ಪದ್ಧತಿ) ಮತ್ತು ‘ಎಚ್‌ಇವಿಸಿ’ (ವಿಡಿಯೊ ಕುಗ್ಗಿಸುವ ಪದ್ಧತಿ) ಎರಡನ್ನೂ ಬಲ್ಲದಾದರೆ ಇಡೀ ಯುರೋಪಿಗೆ ಸಾಕು. ಜರ್ಮನಿ, ಝೆಕ್, ಕ್ರೊಯೇಷಿಯಾಗಳಲ್ಲಿ ಎಚ್‌ಇವಿಸಿ ಇಲ್ಲದೆ ನಡೆಯುವುದಿಲ್ಲ. ಗಡಿ ದಾಟಿದಾಗ ಮೆನುವಿನಲ್ಲಿ ದೇಶ ಬದಲಿಸಿ ಹೊಸದಾಗಿ ಸ್ಕ್ಯಾನ್ ಮಾಡಿ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಆಂಟೆನಾ ಎತ್ತಿ ಪ್ರಯೋಜನವಿಲ್ಲ, ಅಲ್ಲಿನ ಸಾರ್ವಜನಿಕ ವಾಹಿನಿ 2019ರ ಜೂನ್‌ನಲ್ಲೇ ಈ ಪ್ರಸಾರ ನಿಲ್ಲಿಸಿದೆ.

ಬ್ಯಾಟರಿ

24 ಇಂಚಿನ 12 ವೋಲ್ಟ್ ಟಿವಿ ಸುಮಾರು 30 ವ್ಯಾಟ್ ಎಳೆಯುತ್ತದೆ, ಅಂದರೆ 2.5 ಆಂಪಿಯರ್. ಪೆನಾಲ್ಟಿವರೆಗೆ ಮೂರು ಗಂಟೆ ಎಂದಿಟ್ಟುಕೊಂಡರೆ 7.5 ಆಂಪಿಯರ್-ಅವರ್. ರೂಟರ್ ಸೇರಿದರೆ 10. 95 ಆಂಪಿಯರ್-ಅವರ್‌ನ ಎಜಿಎಂ (ಒಂದು ಬಗೆಯ ಸೀಸ-ಆಮ್ಲ) ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 47. ಟಿವಿಯಿಂದ ತೊಂದರೆಯಿಲ್ಲ, ಬ್ಯಾಟರಿ ತಿನ್ನುವುದು ಕಂಪ್ರೆಸರ್ ಫ್ರಿಜ್ ಮತ್ತು ಹೀಟರ್ ಫ್ಯಾನ್. ಉಪಗ್ರಹ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಮಿನಿ ಇಟ್ಟುಕೊಂಡವರು ಇನ್ನೂ 25ರಿಂದ 40 ವ್ಯಾಟ್ ಸೇರಿಸಿಕೊಳ್ಳಲಿ.

ಫ್ರಿಜ್ ಶುರುವಾದಾಗಲೆಲ್ಲ ಟಿವಿ ಆಫ್ ಆಗಿ ಆನ್ ಆಗುತ್ತಿದ್ದರೆ ಟಿವಿ ಕೆಟ್ಟಿಲ್ಲ, ತಂತಿ ತೆಳು. 0.5 ಚದರ ಮಿ.ಮೀ. ತಂತಿಯನ್ನು ಐದು ಮೀಟರ್ ಎಳೆದರೆ ಹೋಗಿ ಬರುವ ದಾರಿಯಲ್ಲಿ ಹತ್ತಿರಹತ್ತಿರ 0.9 ವೋಲ್ಟ್ ಕಳೆದುಹೋಗುತ್ತದೆ, 1.5 ಚದರ ಮಿ.ಮೀ.ನಲ್ಲಿ 0.3. ಸಿಗರೇಟ್ ಲೈಟರ್ ಸಾಕೆಟ್ ಸಡಿಲವಿದ್ದರೂ ಇದೇ ಕಾಯಿಲೆ. ಮನೆಯ ಟಿವಿಯನ್ನು ‘12 ವೋಲ್ಟ್ ಅಡಾಪ್ಟರ್ ತಾನೇ’ ಎಂದು ನೇರ ಬ್ಯಾಟರಿಗೆ ಕೊಡಬೇಡಿ. ಚಾರ್ಜ್ ಆಗುವಾಗ ವ್ಯಾನ್‌ನ ವೋಲ್ಟೇಜ್ 14.4ಕ್ಕೆ ಏರುತ್ತದೆ. ನಡುವೆ ಸ್ಟೆಬಿಲೈಸರ್ ಬೇಕು.

ಕ್ಯಾಂಪ್‌ಸೈಟ್ ಕರೆಂಟ್ ಇದ್ದರೂ ಫ್ಯೂಸ್ ಎಷ್ಟರದ್ದೆಂದು ಕೇಳಿ. 6 ಆಂಪಿಯರ್ ಎಂದರೆ 1380 ವ್ಯಾಟ್. ಅರ್ಧವಿರಾಮಕ್ಕೆ ಕಾಫಿ ಎಂದು 2000 ವ್ಯಾಟ್ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತದೆ, ಪೆಟ್ಟಿಗೆಗೆ ಬೀಗ ಹಾಕಿದ್ದರೆ ಆ ಹೊತ್ತಿನಲ್ಲಿ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ. ನೀರನ್ನು ಗ್ಯಾಸ್ ಮೇಲೆ ಕಾಯಿಸಿ.

ಪಂದ್ಯದ ಸಂಜೆ

ಯುರೋಪಿನ ಅರ್ಹತಾ ಪಂದ್ಯಗಳು ಹೆಚ್ಚಾಗಿ ಮಧ್ಯ ಯುರೋಪಿನ ಸಮಯ 20:45ಕ್ಕೆ. ಪೋರ್ಚುಗಲ್, ಬ್ರಿಟನ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ಅಂದರೆ 19:45. ಡಿಶ್ ಜೋಡಿಸುವ ಕೆಲಸ ಬೆಳಕಿರುವಾಗಲೇ ಮುಗಿಸಿ. ಕತ್ತಲಲ್ಲಿ ಯಾವ ಕೊಂಬೆ ಅಡ್ಡ ಬಂದಿದೆ ಎಂದು ಕಾಣುವುದಿಲ್ಲ. ಸ್ಪೇನ್‌ನಲ್ಲಿ ಕ್ಯಾಂಪ್‌ಸೈಟ್ ಬಿಟ್ಟು ರಸ್ತೆಬದಿ ನಿಂತಿದ್ದರೆ ಮುಕ್ಕಾಲಿ ಡಿಶ್ ಹೊರಗಿಡಬೇಡಿ. ವಾಹನದ ಅಳತೆಯಾಚೆ ಏನನ್ನೂ ಹರಡದೆ ನಿಂತರೆ ಅದು ಪಾರ್ಕಿಂಗ್, ಕುರ್ಚಿ ಟೇಬಲ್ ಹರಡಿದರೆ ಕ್ಯಾಂಪಿಂಗ್, ದಂಡ ಬೀಳಬಹುದು. ಬ್ರಿಟನ್‌ನಲ್ಲಿ ಯಾವ ಸಾಧನದಲ್ಲೇ ಆಗಲಿ ಲೈವ್ ಟಿವಿ ನೋಡಲು ಟಿವಿ ಲೈಸೆನ್ಸ್ ಬೇಕು. 2028ರ ಯುರೋಗೆಂದು ಅತ್ತ ವ್ಯಾನ್ ತಿರುಗಿಸುವವರು ಇದನ್ನು ಗಮನದಲ್ಲಿಡಿ.

ಸ್ಟ್ರೀಮಿಂಗ್ ಉಪಗ್ರಹಕ್ಕಿಂತ ಅರ್ಧ ನಿಮಿಷದವರೆಗೂ ಹಿಂದೆ ಓಡುತ್ತದೆ. ಪಕ್ಕದ ವ್ಯಾನ್‌ನಲ್ಲಿ ಡಿಶ್ ಇದ್ದರೆ ಗೋಲು ನಿಮ್ಮ ಪರದೆಗೆ ಬರುವ ಮೊದಲೇ ಅವರ ಕೂಗು ನಿಮ್ಮ ಕಿವಿಗೆ ಬೀಳುತ್ತದೆ. ಸ್ಕೋರ್ ಆ್ಯಪ್‌ನ ನೋಟಿಫಿಕೇಶನ್, ಊರಿನ ವಾಟ್ಸ್‌ಆ್ಯಪ್ ಗುಂಪು ಎರಡನ್ನೂ ಮ್ಯೂಟ್ ಮಾಡಿ. ರಾತ್ರಿ ಹತ್ತರ ನಂತರ ಹೆಚ್ಚಿನ ಕ್ಯಾಂಪ್‌ಸೈಟ್‌ಗಳಲ್ಲಿ ಸದ್ದು ಮಾಡುವಂತಿಲ್ಲ, ದ್ವಿತೀಯಾರ್ಧ ಬರುವುದೇ ಆಗ. ತಂತಿಯ ಇಯರ್‌ಫೋನ್ ಇಟ್ಟುಕೊಳ್ಳಿ. ಬ್ಲೂಟೂತ್‌ನಲ್ಲಿ ಮಾತು ಚಿತ್ರಕ್ಕಿಂತ ತುಸು ತಡವಾಗಿ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಸಿಗ್ನಲ್ ಬರದಿದ್ದರೆ ಕಿಕ್‌ಆಫ್‌ಗೆ ಅರ್ಧ ಗಂಟೆ ಇರುವಾಗಲೇ ಸ್ಪ್ಯಾನರ್ ಕೆಳಗಿಟ್ಟು ಹತ್ತಿರದ ಊರಿನ ಬಾರ್‌ಗೆ ನಡೆಯಿರಿ. ಮಧ್ಯಾಹ್ನವೇ ಹೋಗಿ ಯಾವ ಪಂದ್ಯ ಹಾಕುತ್ತೀರೆಂದು ಕೇಳಿಟ್ಟುಕೊಂಡಿರಬೇಕು. ಊರಿನ ತಂಡದ ಪಂದ್ಯ ಇದ್ದ ದಿನ ನಿಮ್ಮ ಪಂದ್ಯ ಹಾಕುವುದಿಲ್ಲ.

ಬೆಳಿಗ್ಗೆ ಹೊರಡುವ ಮುನ್ನ ಚಾವಣಿ ಡಿಶ್ ಮಡಚಿದೆಯೇ ಎಂದು ಕೆಳಗಿಳಿದು ಕಣ್ಣಾರೆ ನೋಡಿ. ಎಂಜಿನ್ ಹಾಕಿದಾಗ ತಾನೇ ಮಡಚಿಕೊಳ್ಳುವ ಡಿಶ್‌ಗಳಲ್ಲೂ ಆ ಸಂಕೇತದ ತಂತಿ ಕಳಚಿರಬಹುದು. ಡಿಶ್ ಎದ್ದುಕೊಂಡೇ ಹೆದ್ದಾರಿಗೆ ಇಳಿದರೆ ಗಾಳಿಗೆ ಅದರ ತೋಳು ಮುರಿಯುತ್ತದೆ, ಬಾಡಿಗೆಯ ಠೇವಣಿ ಅಲ್ಲಿಗೆ ಹೋಯಿತು.